50 ಕೋಟಿ ಸಾಲು ಡಿಲೀಟ್ ಮಾಡಿದರೂ ಡಿಸ್ಕ್ ಒಂದಿಷ್ಟೂ ಇಳಿದಿಲ್ಲ (ಪೋಸ್ಟ್‌ಗ್ರೆಸ್ 15)

ಸರ್ವರ್_ಸಂಗಾತಿ

ನಮ್ಮ ಪ್ರೊಡಕ್ಷನ್ ಡೇಟಾಬೇಸ್ ಪೋಸ್ಟ್‌ಗ್ರೆಸ್ 15. ಅದರಲ್ಲಿ ಈವೆಂಟ್ಸ್ ಅಂತ ಒಂದು ಟೇಬಲ್ ಇದೆ, ಅದೊಂದೇ ಇಡೀ ಡಿಸ್ಕ್ ನುಂಗಿ ಕೂತಿದೆ. ಟೇಬಲ್ 340 ಜಿಬಿ, ಇಂಡೆಕ್ಸ್‌ಗಳು (ಸಾಲನ್ನು ಬೇಗ ಹುಡುಕುವ ಪಟ್ಟಿಗಳು) 210, ಟೋಸ್ಟ್ (ಉದ್ದದ ಮೌಲ್ಯಗಳನ್ನು ಪ್ರತ್ಯೇಕವಾಗಿ ಇಡುವ ಜಾಗ) 70, ಒಟ್ಟು 620 ಜಿಬಿ. ಡಿಸ್ಕ್ ಇರುವುದು 1 ಟಿಬಿ. ಈಗ 91% ತುಂಬಿದೆ.

ಒಂದು ವರ್ಷಕ್ಕಿಂತ ಹಳೆಯ ಡೇಟಾ ಬೇಡ ಅಂತ ತೀರ್ಮಾನ ಆಯಿತು. ಒಂದೇ ಸಲ ಡಿಲೀಟ್ ಮಾಡಿದರೆ ಕಷ್ಟ ಅಂತ ಗೊತ್ತಿತ್ತು, ಹಾಗಾಗಿ ಸಲಕ್ಕೆ 5000 ಸಾಲಿನಂತೆ, ಪ್ರತಿ ಸಲ ಕಮಿಟ್ ಮಾಡಿ, ನಡುವೆ ಸ್ವಲ್ಪ ಬಿಡುವು ಕೊಟ್ಟು ಸ್ಕ್ರಿಪ್ಟ್ ಓಡಿಸಿದೆವು. 80 ಕೋಟಿ ಸಾಲಿನಲ್ಲಿ ಸುಮಾರು 50 ಕೋಟಿ ಹೋಗಿದೆ. ಕೌಂಟ್ ಇಳಿದಿದೆ, ಡಿಸ್ಕ್ ಮಾತ್ರ ಒಂದು ಜಿಬಿಯೂ ಇಳಿದಿಲ್ಲ. ಸಾಲದ್ದಕ್ಕೆ ಟೇಬಲ್ ದಿನಾ ಇನ್ನಷ್ಟು ದಪ್ಪ ಆಗುತ್ತಿದೆ.

ಆಟೋವ್ಯಾಕ್ಯೂಮ್ (ಬೇಡವಾದ ಸಾಲುಗಳನ್ನು ತಾನಾಗಿಯೇ ಗುಡಿಸುವ ಕೆಲಸ) ಆನ್ ಇದೆ, ಸೆಟ್ಟಿಂಗ್ ಎಲ್ಲಾ ಡಿಫಾಲ್ಟ್. ಈ ಟೇಬಲ್‌ಗೆ ಹಗಲು ರಾತ್ರಿ ಇನ್ಸರ್ಟ್, ಅಪ್‌ಡೇಟ್ ಬರುತ್ತಲೇ ಇರುತ್ತದೆ, ನಿಲ್ಲಿಸುವ ಹಾಗಿಲ್ಲ. ವ್ಯಾಕ್ಯೂಮ್ ಫುಲ್ ಬಿಟ್ಟು ಬೇರೆ ದಾರಿ ಏನಿದೆ?

ಕಮಿಟ್_ಕಾಕಾ

ರಾತ್ರಿ ಎರಡು ಗಂಟೆಗೆ ವ್ಯಾಕ್ಯೂಮ್ ಫುಲ್ ಹಾಕಿ ಮಲಗಿ ಗುರು, ಬೆಳಿಗ್ಗೆ ಎದ್ದರೆ ಆಗಿರುತ್ತದೆ. ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ.

ಹಳೇ_ಡಿಬಿಎ

ಕಾಕಾ, ದಯವಿಟ್ಟು ಬೇಡ. ವ್ಯಾಕ್ಯೂಮ್ ಫುಲ್ ಇಡೀ ಟೇಬಲ್ಲನ್ನು ಹೊಸ ಫೈಲಿಗೆ ಬರೆಯುತ್ತದೆ, ಇಂಡೆಕ್ಸ್‌ಗಳನ್ನೂ ಹೊಸದಾಗಿ ಕಟ್ಟುತ್ತದೆ, ಎಲ್ಲಾ ಮುಗಿದ ಮೇಲೆ ಹಳೆಯದನ್ನು ಅಳಿಸುತ್ತದೆ. ಅಷ್ಟು ಹೊತ್ತೂ ಎರಡೂ ಡಿಸ್ಕ್ ಮೇಲೆ ಇರಬೇಕು. ಇವರ ಹತ್ತಿರ ಉಳಿದಿರುವುದು 90 ಜಿಬಿ. ಅರ್ಧ ದಾರಿಯಲ್ಲಿ ಡಿಸ್ಕ್ ತುಂಬುತ್ತದೆ. ವಾಲ್ (ಪ್ರತಿ ಬದಲಾವಣೆಯನ್ನು ಮೊದಲು ಬರೆದಿಡುವ ಲಾಗ್) ಬರೆಯಲೂ ಜಾಗ ಸಿಗದಿದ್ದರೆ ಪೋಸ್ಟ್‌ಗ್ರೆಸ್ ಪ್ಯಾನಿಕ್ ಅಂತ ಲಾಗ್ ಮಾಡಿ ಸರ್ವರನ್ನೇ ಬೀಳಿಸುತ್ತದೆ. ಜೊತೆಗೆ ಅದು ಹಿಡಿಯುವುದು ಆಕ್ಸೆಸ್ ಎಕ್ಸ್‌ಕ್ಲೂಸಿವ್ ಲಾಕ್. ಬರೆಯುವುದಿರಲಿ, ಬರೀ ಸೆಲೆಕ್ಟ್ ಕೂಡ ನಡೆಯುವುದಿಲ್ಲ. ಇನ್ನೊಂದು ತಮಾಷೆ ಏನೆಂದರೆ ಆ ಲಾಕ್ ಸಿಗುವ ಮೊದಲೇ ತೊಂದರೆ ಶುರುವಾಗುತ್ತದೆ. ಯಾವುದೋ ಒಂದು ದೊಡ್ಡ ಕ್ವೆರಿ ಓಡುತ್ತಿದೆ ಅಂದುಕೊಳ್ಳಿ, ವ್ಯಾಕ್ಯೂಮ್ ಫುಲ್ ಅದು ಮುಗಿಯಲಿ ಅಂತ ಕ್ಯೂನಲ್ಲಿ ನಿಲ್ಲುತ್ತದೆ, ಅದರ ಹಿಂದೆ ಬಂದ ಪ್ರತಿಯೊಂದು ಪುಟ್ಟ ಸೆಲೆಕ್ಟ್ ಕೂಡ ಅದರ ಹಿಂದೆಯೇ ನಿಲ್ಲುತ್ತದೆ. ಐದು ನಿಮಿಷದಲ್ಲಿ ಕನೆಕ್ಷನ್ ಪೂಲ್ ಪೂರ್ತಿ ಖಾಲಿ.

ಈಗ ಮೂಲ ಪ್ರಶ್ನೆಗೆ ಬರೋಣ. ಇಲ್ಲಿ ಎರಡು ಬೇರೆ ಬೇರೆ ವಿಷಯ ಇದೆ, ಎಲ್ಲರೂ ಅದನ್ನು ಒಂದೇ ಅಂದುಕೊಳ್ಳುತ್ತಾರೆ. ಟೇಬಲ್ ಒಳಗಿನ ಜಾಗ ಮತ್ತೆ ಬಳಕೆಗೆ ಸಿಗುವುದು ಒಂದು. ಆ ಜಾಗ ಆಪರೇಟಿಂಗ್ ಸಿಸ್ಟಮ್‌ಗೆ ವಾಪಸ್ ಹೋಗುವುದು ಇನ್ನೊಂದು.

ಪೋಸ್ಟ್‌ಗ್ರೆಸ್‌ನಲ್ಲಿ ಡಿಲೀಟ್ ಅಂದರೆ ಸಾಲಿನ ಮೇಲೆ ಒಂದು ಗುರುತು ಹಾಕುವುದು ಅಷ್ಟೇ. ಹಳೆಯ ಸ್ನ್ಯಾಪ್‌ಶಾಟ್ (ಆ ಕ್ಷಣದ ಡೇಟಾದ ನೋಟ) ಹಿಡಿದುಕೊಂಡ ಯಾರಿಗಾದರೂ ಅದು ಇನ್ನೂ ಕಾಣಬೇಕಾಗಬಹುದು, ಅದಕ್ಕೇ ತಕ್ಷಣ ಅಳಿಸುವುದಿಲ್ಲ. ಅಪ್‌ಡೇಟ್ ಕೂಡ ಹಾಗೇ, ಹಳೆಯ ಸಾಲು ಅಲ್ಲೇ ಇರುತ್ತದೆ, ಹೊಸ ಪ್ರತಿ ಬೇರೆ ಕಡೆ ಬರುತ್ತದೆ. ಆಮೇಲೆ ವ್ಯಾಕ್ಯೂಮ್ ಬಂದು ಯಾರಿಗೂ ಬೇಡವಾದ ಸಾಲುಗಳನ್ನು ತೆಗೆದು, ಈ ಪೇಜ್‌ನಲ್ಲಿ (ಫೈಲಿನ 8 ಕೆಬಿ ತುಂಡಿನಲ್ಲಿ) ಇಷ್ಟು ಜಾಗ ಇದೆ ಅಂತ ಫ್ರೀ ಸ್ಪೇಸ್ ಮ್ಯಾಪ್‌ನಲ್ಲಿ ಬರೆದಿಡುತ್ತದೆ. ಫೈಲ್ ಚಿಕ್ಕದಾಗುವುದಿಲ್ಲ. ಫೈಲಿನ ಕೊನೆಯಲ್ಲಿ ಸಾಲಾಗಿ ಪೂರ್ತಿ ಖಾಲಿ ಪೇಜ್‌ಗಳು ಸಿಕ್ಕರೆ ಮಾತ್ರ ಬಾಲ ಕತ್ತರಿಸುತ್ತದೆ, ಅದೂ ಕನಿಷ್ಠ 1000 ಪೇಜ್ ಅಥವಾ ಟೇಬಲ್ಲಿನ ಹದಿನಾರನೇ ಒಂದು ಭಾಗ ಖಾಲಿ ಇರಬಹುದು ಅನಿಸಿದರೆ. ನೀವು ಅಳಿಸಿದ್ದು ಹಳೆಯ ಡೇಟಾ, ಅಂದರೆ ಫೈಲಿನ ತಲೆ. ಬಾಲದಲ್ಲಿ ಹೊಸ ಸಾಲುಗಳು ಕೂತಿವೆ. ಹಾಗಾಗಿ ಡಿಸ್ಕ್ ಇಳಿಯದೇ ಇರುವುದರಲ್ಲಿ ಆಶ್ಚರ್ಯ ಏನೂ ಇಲ್ಲ.

ನನಗೆ ಅನುಮಾನ ಬಂದದ್ದು ನಿಮ್ಮ ಇನ್ನೊಂದು ಮಾತಿಂದ. ಟೇಬಲ್ ಇನ್ನೂ ಬೆಳೆಯುತ್ತಿದೆ ಅಂದಿರಲ್ಲ, ಅದು ಆಗಬಾರದು. 50 ಕೋಟಿ ಸಾಲಿನ ಜಾಗ ಬಿಡುವಾಗಿದ್ದರೆ ಹೊಸ ಇನ್ಸರ್ಟ್‌ಗಳು ಆ ತೂತುಗಳಲ್ಲಿ ಹೋಗಿ ಕೂರಬೇಕಿತ್ತು. ಹೋಗುತ್ತಿಲ್ಲ ಅಂದರೆ ಒಂದೋ ವ್ಯಾಕ್ಯೂಮ್ ಈ ಟೇಬಲ್ಲಿಗೆ ಬಂದೇ ಇಲ್ಲ, ಇಲ್ಲವೇ ಬಂದರೂ ಏನನ್ನೂ ತೆಗೆಯಲು ಆಗುತ್ತಿಲ್ಲ.

ಮೊದಲನೆಯದಕ್ಕೆ ಪಿಜಿ_ಸ್ಟ್ಯಾಟ್_ಯೂಸರ್_ಟೇಬಲ್ಸ್ ನೋಡಿ. ಡೆಡ್ ಸಾಲು ಎಷ್ಟಿದೆ, ಕೊನೆಯ ಆಟೋವ್ಯಾಕ್ಯೂಮ್ ಯಾವಾಗ ಅಂತ ಎರಡೂ ಅಲ್ಲಿದೆ. ಡಿಫಾಲ್ಟ್ ಸ್ಕೇಲ್ ಫ್ಯಾಕ್ಟರ್ 0.2. ಅಂದರೆ 80 ಕೋಟಿ ಸಾಲಿನ ಟೇಬಲ್‌ನಲ್ಲಿ 16 ಕೋಟಿ ಸಾಲು ಸಾಯುವ ತನಕ ಆಟೋವ್ಯಾಕ್ಯೂಮ್ ತಿರುಗಿ ನೋಡುವುದಿಲ್ಲ. ಎರಡನೆಯದಕ್ಕೆ ಕೈಯಲ್ಲೇ ಒಂದು ಸಲ ವ್ಯಾಕ್ಯೂಮ್ ವರ್ಬೋಸ್ ಹಾಕಿ. ಇದು ಮಾಮೂಲಿ ವ್ಯಾಕ್ಯೂಮ್, ಫುಲ್ ಅಲ್ಲ, ಓದು ಬರಹ ನಿಲ್ಲುವುದಿಲ್ಲ. ಆದರೆ ಕೈಯಲ್ಲಿ ಹಾಕಿದ ವ್ಯಾಕ್ಯೂಮ್‌ಗೆ ಡಿಫಾಲ್ಟ್ ಆಗಿ ಕಾಸ್ಟ್ ಡಿಲೇ ಸೊನ್ನೆ, ಬ್ರೇಕ್ ಇಲ್ಲದೆ ಓಡುತ್ತದೆ. ಡಿಸ್ಕ್ ಐಒ ಮೇಲೆ ಕಣ್ಣಿಡಿ. ಔಟ್‌ಪುಟ್‌ನಲ್ಲಿ ಸತ್ತಿದೆ ಆದರೆ ಇನ್ನೂ ತೆಗೆಯುವ ಹಾಗಿಲ್ಲ ಅನ್ನುವ ಅರ್ಥದ ಸಾಲು ಬರುತ್ತದೆ, ಅದರ ಸಂಖ್ಯೆ ಇಲ್ಲಿ ಹಾಕಿ.

ಸರ್ವರ್_ಸಂಗಾತಿ

ಹಾಕಿದೆ. ತೆಗೆಯುವ ಹಾಗಿಲ್ಲ ಅಂತ ತೋರಿಸಿದ್ದು 41 ಕೋಟಿ! ಆಟೋವ್ಯಾಕ್ಯೂಮ್ ಬರುತ್ತಲೇ ಇದೆ, ಒಂದು ಮುಗಿದ ಕೂಡಲೇ ಇನ್ನೊಂದು ಶುರುವಾಗುತ್ತಿದೆ, ಆದರೆ ಏನನ್ನೂ ತೆಗೆಯುತ್ತಿಲ್ಲ.

ಹಳೆಯ ಟ್ರಾನ್ಸಾಕ್ಷನ್ (ಶುರುವಾಗಿ ಇನ್ನೂ ಮುಗಿಯದ ಕೆಲಸ) ಹಿಡಿದಿರಬೇಕು ಅಂತ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ನೋಡಿದೆ. ಅಲ್ಲಿ ಕೆಲವು ನಿಮಿಷಕ್ಕಿಂತ ಹಳೆಯದು ಒಂದೂ ಇಲ್ಲ. ಪ್ರಿಪೇರ್ಡ್ ಟ್ರಾನ್ಸಾಕ್ಷನ್ (ಸಿದ್ಧವಾಗಿ ಕೊನೆಯ ಕಮಿಟ್‌ಗೆ ಕಾಯುತ್ತಿರುವುದು) ಕೂಡ ಇಲ್ಲ. ಒಂದು ಲಾಜಿಕಲ್ ರೆಪ್ಲಿಕೇಶನ್ ಸ್ಲಾಟ್ (ಬದಲಾವಣೆಗಳನ್ನು ಎಲ್ಲಿಯವರೆಗೆ ಕಳಿಸಿದೆ ಅಂತ ನೆನಪಿಡುವ ಗುರುತು) ಸತ್ತು ಬಿದ್ದಿದೆ, ಯಾವುದೋ ಹಳೆಯ ಪೈಪ್‌ಲೈನ್‌ದು, ಆಕ್ಟಿವ್ ಅಲ್ಲ. ಅದೇ ಇರಬಹುದಾ?

ಪೇಜ್_8192

ಆ ಸ್ಲಾಟ್ ಅಲ್ಲ, ಆದರೂ ಅದನ್ನು ತೆಗೆಯಲೇಬೇಕು. ಲಾಜಿಕಲ್ ಸ್ಲಾಟ್ ಸಾಮಾನ್ಯವಾಗಿ ಹಿಡಿದಿಡುವುದು ಕ್ಯಾಟಲಾಗ್_ಎಕ್ಸ್‌ಮಿನ್, ಅಂದರೆ ಸಿಸ್ಟಮ್ ಟೇಬಲ್‌ಗಳಲ್ಲಿ ಇದರ ನಂತರ ಸತ್ತ ಸಾಲುಗಳನ್ನು ಇನ್ನೂ ತೆಗೆಯಬೇಡಿ ಅನ್ನುವ ಗಡಿ. ಅದರಿಂದ ಸಿಸ್ಟಮ್ ಟೇಬಲ್‌ಗಳಲ್ಲಿ ಕಸ ಸೇರುತ್ತದೆ, ನಿಮ್ಮ ಈವೆಂಟ್ಸ್ ಟೇಬಲ್ಲಿಗೆ ಅದು ಅಡ್ಡ ಬರುವುದಿಲ್ಲ. ಆದರೆ ಅದು ಬಿದ್ದ ದಿನದಿಂದ ಇವತ್ತಿನ ತನಕದ ವಾಲ್ ಫೈಲ್ ಎಲ್ಲಾ ಇಟ್ಟುಕೊಂಡಿರುತ್ತದೆ. ಪಿಜಿ_ವಾಲ್ ಡೈರೆಕ್ಟರಿ ಎಷ್ಟಿದೆ ನೋಡಿ, ಬಹುಶಃ ಅಲ್ಲೇ ಒಂದು ದೊಡ್ಡ ಗಂಟು ಸಿಗುತ್ತದೆ. ಸ್ಲಾಟ್ ಡ್ರಾಪ್ ಮಾಡಿ, ಮುಂದಿನ ಚೆಕ್‌ಪಾಯಿಂಟ್ ಆದಮೇಲೆ ಅದೇ ಅಳಿಸಿಕೊಳ್ಳುತ್ತದೆ. ಆ ಡೈರೆಕ್ಟರಿಯೊಳಗೆ ಕೈ ಹಾಕಿ ನೀವೇ ಫೈಲ್ ಅಳಿಸಲು ಮಾತ್ರ ಹೋಗಬೇಡಿ. ಹಾಗೇ ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್‌ಗೆ ಒಂದು ಮಿತಿ ಕೊಡಿ. 13ನೇ ಆವೃತ್ತಿಯಿಂದ ಇದೆ, ಡಿಫಾಲ್ಟ್ ಮೈನಸ್ 1, ಅಂದರೆ ಮಿತಿಯೇ ಇಲ್ಲ.

ನಿಮ್ಮ ನಿಜವಾದ ಕಳ್ಳ ಪ್ರೈಮರಿಯಲ್ಲಿ (ಬರಹ ನಡೆಯುವ ಮುಖ್ಯ ಸರ್ವರ್‌ನಲ್ಲಿ) ಇಲ್ಲ ಅನಿಸುತ್ತದೆ. ರೆಪ್ಲಿಕಾ (ಅದರ ನಕಲು ಸರ್ವರ್) ಇದೆಯಾ? ಅದರಲ್ಲಿ ಹಾಟ್_ಸ್ಟ್ಯಾಂಡ್‌ಬೈ_ಫೀಡ್‌ಬ್ಯಾಕ್ ಆನ್ ಆಗಿದೆಯಾ? ಆಗಿದ್ದರೆ ರೆಪ್ಲಿಕಾದಲ್ಲಿ ಓಡುವ ಹಳೆಯ ಕ್ವೆರಿ ನನಗೆ ಈ ಸಾಲುಗಳು ಇನ್ನೂ ಬೇಕು ಅಂತ ಪ್ರೈಮರಿಗೆ ಹೇಳುತ್ತಾ ಇರುತ್ತದೆ. ಪ್ರೈಮರಿಯ ಆಕ್ಟಿವಿಟಿ ಪಟ್ಟಿಯಲ್ಲಿ ಆ ಕ್ವೆರಿ ಕಾಣುವುದಿಲ್ಲ. ಸ್ಲಾಟ್ ಬಳಸುತ್ತಿದ್ದರೆ ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್‌ನ ಎಕ್ಸ್‌ಮಿನ್ ಕಾಲಮ್, ಸ್ಲಾಟ್ ಇಲ್ಲದಿದ್ದರೆ ಪಿಜಿ_ಸ್ಟ್ಯಾಟ್_ರೆಪ್ಲಿಕೇಶನ್‌ನ ಬ್ಯಾಕೆಂಡ್_ಎಕ್ಸ್‌ಮಿನ್ ನೋಡಿ. ಅದರ ಮೇಲೆ ಏಜ್ ಫಂಕ್ಷನ್ ಹಾಕಿದರೆ ಎಷ್ಟು ಟ್ರಾನ್ಸಾಕ್ಷನ್ ಹಿಂದೆ ಇದೆ ಅಂತ ಗೊತ್ತಾಗುತ್ತದೆ.

ಸರ್ವರ್_ಸಂಗಾತಿ

ಸಿಕ್ಕಿತು! ರಿಪೋರ್ಟ್‌ಗೆ ಅಂತ ಇಟ್ಟ ರೆಪ್ಲಿಕಾ. ಫೀಡ್‌ಬ್ಯಾಕ್ ಆನ್ ಇದೆ. ರಿಪೋರ್ಟ್ ತೆಗೆಯುವ ಟೂಲ್ ಒಂದು ರಿಪೀಟಬಲ್ ರೀಡ್ ಟ್ರಾನ್ಸಾಕ್ಷನ್ ಶುರು ಮಾಡಿ ಹಾಗೇ ಬಿಟ್ಟಿದೆ, ಐಡಲ್ ಇನ್ ಟ್ರಾನ್ಸಾಕ್ಷನ್ ಅಂತ ದಿನಗಟ್ಟಲೆ ಕೂತಿದೆ. ಕೊಂದೆ. ಲಾಜಿಕಲ್ ಸ್ಲಾಟ್ ಕೂಡ ಡ್ರಾಪ್ ಮಾಡಿದೆ, ವಾಲ್ ಡೈರೆಕ್ಟರಿಯಿಂದ ಸುಮಾರು 70 ಜಿಬಿ ಹೋಯಿತು, ಡಿಸ್ಕ್ ಈಗ 84%. ಒಂದೇ ಸಾಲಿನ ಕಮಾಂಡ್‌ಗೆ ಇಷ್ಟು ಸಿಗುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಈಗ ಮತ್ತೆ ವ್ಯಾಕ್ಯೂಮ್ ಓಡಿಸುತ್ತಿದ್ದೇನೆ, ಆದರೆ ಇಂಡೆಕ್ಸ್ ಮೇಲೆ ಸುತ್ತು ಹೊಡೆಯುತ್ತಲೇ ಇದೆ, ಮುಗಿಯುವ ಲಕ್ಷಣ ಇಲ್ಲ. ಪಿಜಿ_ಸ್ಟ್ಯಾಟ್_ಪ್ರೋಗ್ರೆಸ್_ವ್ಯಾಕ್ಯೂಮ್‌ನಲ್ಲಿ ಇಂಡೆಕ್ಸ್ ವ್ಯಾಕ್ಯೂಮ್ ಕೌಂಟ್ ಏರುತ್ತಾ ಇದೆ.

ಹಳೇ_ಡಿಬಿಎ

ಮೇಂಟೆನೆನ್ಸ್_ವರ್ಕ್_ಮೆಮ್ ಎಷ್ಟಿದೆ? ಡಿಫಾಲ್ಟ್ 64 ಎಂಬಿ ಇದ್ದರೆ ಇದೇ ಕಥೆ. ನಿಮ್ಮ ಆವೃತ್ತಿಯಲ್ಲಿ ವ್ಯಾಕ್ಯೂಮ್ ಪ್ರತಿ ಸತ್ತ ಸಾಲಿನ ವಿಳಾಸಕ್ಕೆ 6 ಬೈಟ್ ಹಿಡಿಯುತ್ತದೆ. 64 ಎಂಬಿಯಲ್ಲಿ ಸುಮಾರು 1.1 ಕೋಟಿ ವಿಳಾಸ ಹಿಡಿಸುತ್ತದೆ. ಅದು ತುಂಬಿದ ಕೂಡಲೇ ಟೇಬಲ್ ಓದುವುದನ್ನು ನಿಲ್ಲಿಸಿ ಎಲ್ಲಾ ಇಂಡೆಕ್ಸ್‌ಗಳನ್ನೂ ತಲೆಯಿಂದ ಬುಡದವರೆಗೆ ಓದಬೇಕು, ಆಮೇಲೆ ಮುಂದಿನ 1.1 ಕೋಟಿ. 41 ಕೋಟಿಗೆ ಲೆಕ್ಕ ಹಾಕಿ, 210 ಜಿಬಿ ಇಂಡೆಕ್ಸ್ ಮೇಲೆ 37 ಸುತ್ತು. ನಿಮ್ಮ ಸೆಷನ್‌ನಲ್ಲಿ ಅದನ್ನು 1 ಜಿಬಿ ಮಾಡಿ ಮತ್ತೆ ಹಾಕಿ, ಮೂರು ಸುತ್ತಿನಲ್ಲಿ ಮುಗಿಯುತ್ತದೆ. 1 ಜಿಬಿಗಿಂತ ಜಾಸ್ತಿ ಕೊಟ್ಟರೂ ವ್ಯಾಕ್ಯೂಮ್ ಬಳಸುವುದಿಲ್ಲ, ಆ ಮಿತಿ ಹೋಗಿದ್ದು 2024ರಲ್ಲಿ ಬಂದ 17ನೇ ಆವೃತ್ತಿಯಲ್ಲಿ. ಅಲ್ಲಿ ವಿಳಾಸ ಇಡುವ ರೀತಿಯೇ ಬದಲಾಗಿದೆ, ಮೆಮೊರಿ ಬಹಳ ಕಡಿಮೆ ಸಾಕು. ಕೈಯಲ್ಲಿ ಹಾಕುವಾಗ ಪ್ಯಾರಲಲ್ ಆಪ್ಷನ್ ಕೂಡ ಕೊಡಬಹುದು, ಇಂಡೆಕ್ಸ್‌ಗಳನ್ನು ಬೇರೆ ಬೇರೆ ವರ್ಕರ್ ನೋಡಿಕೊಳ್ಳುತ್ತವೆ. ಆಟೋವ್ಯಾಕ್ಯೂಮ್‌ಗೆ ನಿಮ್ಮ ಆವೃತ್ತಿಯಲ್ಲಿ ಆ ಸೌಲಭ್ಯ ಇಲ್ಲ.

ಈಗ ಓಡುತ್ತಿರುವುದನ್ನು ಕ್ಯಾನ್ಸಲ್ ಮಾಡಿದರೆ ತೊಂದರೆ ಇಲ್ಲ. ಮುಗಿದ ಸುತ್ತಿನ ಕೆಲಸ ಹಾಗೇ ಉಳಿಯುತ್ತದೆ.

ರಿಪೋರ್ಟ್ ರೆಪ್ಲಿಕಾ ಬಗ್ಗೆ: ಸೆಷನ್ ಕೊಂದರೆ ಇವತ್ತಿಗೆ ಸರಿ, ನಾಳೆ ಅದೇ ಟೂಲ್ ಅದೇ ಕೆಲಸ ಮಾಡುತ್ತದೆ. ಆ ರೆಪ್ಲಿಕಾದಲ್ಲಿ ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್ ಹಾಕಿ. ಕೆಲವರು ಫೀಡ್‌ಬ್ಯಾಕನ್ನೇ ಆಫ್ ಮಾಡಿ ಅನ್ನುತ್ತಾರೆ. ಮಾಡಬಹುದು, ಆದರೆ ಆಗ ಉದ್ದದ ರಿಪೋರ್ಟ್ ಕ್ವೆರಿಗಳು ಮಧ್ಯದಲ್ಲೇ ಕ್ಯಾನ್ಸಲ್ ಆಗುತ್ತವೆ, ಯಾಕೆಂದರೆ ಮ್ಯಾಕ್ಸ್_ಸ್ಟ್ಯಾಂಡ್‌ಬೈ_ಸ್ಟ್ರೀಮಿಂಗ್_ಡಿಲೇ ಡಿಫಾಲ್ಟ್ 30 ಸೆಕೆಂಡ್. ಅದನ್ನು ಏರಿಸಿದರೆ ಕ್ವೆರಿ ಬದುಕುತ್ತದೆ, ರೆಪ್ಲಿಕಾ ಹಿಂದೆ ಬೀಳುತ್ತದೆ. ಬರೀ ರಿಪೋರ್ಟ್‌ಗೆ ಅಂತ ಇಟ್ಟ ಯಂತ್ರ ಒಂದೆರಡು ಗಂಟೆ ಹಿಂದೆ ಬಿದ್ದರೆ ಯಾರಿಗೆ ನಷ್ಟ? ನಾನಾದರೆ ಫೀಡ್‌ಬ್ಯಾಕ್ ಆಫ್ ಮಾಡಿ ಡಿಲೇ ಏರಿಸುತ್ತೇನೆ. ಅದೇ ರೆಪ್ಲಿಕಾ ಪ್ರೈಮರಿ ಬಿದ್ದಾಗ ಅದರ ಜಾಗಕ್ಕೆ ಬರಬೇಕು ಅಂತಿದ್ದರೆ ಇದು ಬೇಡ.

ಜೋನ್ಸ್_ಅಲ್ಲ_ಜಾಯಿನ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇಲ್ಲೇ ಕೇಳಬಹುದು ಅನಿಸಿತು. ಮೈಎಸ್‌ಕ್ಯೂಎಲ್‌ನಲ್ಲೂ ನನಗೆ ಇದೇ ಗೋಳು, ಡಿಲೀಟ್ ಮಾಡಿದರೂ ಫೈಲ್ ಹಾಗೇ ಇದೆ. ಅಲ್ಲೂ ಹೀಗೇನಾ?

ಪೇಜ್_8192

ಲಕ್ಷಣ ಒಂದೇ, ಒಳಗಿನ ಕೆಲಸ ಬೇರೆ. ಮೈಎಸ್‌ಕ್ಯೂಎಲ್‌ನ ಸ್ಟೋರೇಜ್ ಎಂಜಿನ್ ಇನ್ನೋಡಿಬಿ ಹಳೆಯ ಪ್ರತಿಗಳನ್ನು ಅನ್‌ಡೂ ಲಾಗ್‌ನಲ್ಲಿ ಇಡುತ್ತದೆ, ಪರ್ಜ್ ಥ್ರೆಡ್ ಹಿಂದಿನಿಂದ ಅಳಿಸುತ್ತಾ ಬರುತ್ತದೆ. ಟ್ರಾನ್ಸಾಕ್ಷನ್ ತೆರೆದಿಟ್ಟರೆ ಅಲ್ಲೂ ಪರ್ಜ್ ನಿಲ್ಲುತ್ತದೆ, ಹಿಸ್ಟರಿ ಲಿಸ್ಟ್ ಲೆಂತ್ ಏರುತ್ತಾ ಹೋಗುತ್ತದೆ. ಟೇಬಲ್ ಫೈಲ್ ಕುಗ್ಗಿಸಲು ಆಪ್ಟಿಮೈಜ್ ಟೇಬಲ್ ಇದೆ, ಒಳಗೆ ಅದು ಟೇಬಲ್ಲನ್ನು ಹೊಸದಾಗಿ ಕಟ್ಟುವುದೇ, ಆದರೆ ಹೆಚ್ಚಿನ ಸಂದರ್ಭದಲ್ಲಿ ಕಟ್ಟುವಾಗ ಓದು ಬರಹ ನಡೆಯುತ್ತದೆ, ಶುರು ಮತ್ತು ಕೊನೆಯಲ್ಲಿ ಮಾತ್ರ ಚಿಕ್ಕ ಲಾಕ್. ಫುಲ್‌ಟೆಕ್ಸ್ಟ್ ಇಂಡೆಕ್ಸ್ ಇದ್ದರೆ ಈ ಸುಖ ಇಲ್ಲ. ಬಹಳ ದೊಡ್ಡ ಟೇಬಲ್‌ಗೆ ಪರ್ಕೋನಾದವರ ಪಿಟಿ-ಆನ್‌ಲೈನ್-ಸ್ಕೀಮಾ-ಚೇಂಜ್, ಇಲ್ಲವೇ ಘೋಸ್ಟ್ ಬಳಸುತ್ತಾರೆ. ಮೊದಲನೆಯದು ಟ್ರಿಗರ್ ಮೇಲೆ ನಡೆಯುತ್ತದೆ, ಎರಡನೆಯದು ಬಿನ್‌ಲಾಗ್ (ಮೈಎಸ್‌ಕ್ಯೂಎಲ್ ಬದಲಾವಣೆಗಳನ್ನು ಬರೆದಿಡುವ ಲಾಗ್) ಓದುತ್ತದೆ. ಡೇಟಾ ಎಲ್ಲಾ ಹಳೆಯ ಐಬಿಡೇಟಾ1 ಫೈಲ್‌ನಲ್ಲೇ ಕೂತಿದ್ದರೆ ಅದು ಯಾವ ಕಾರಣಕ್ಕೂ ಚಿಕ್ಕದಾಗುವುದಿಲ್ಲ, ಡಂಪ್ ತೆಗೆದು ಮತ್ತೆ ತುಂಬಿಸಬೇಕು. ಮೊದಲು ಬಿನ್‌ಲಾಗ್ ಎಷ್ಟಿದೆ ನೋಡಿ. 8.0ರಲ್ಲಿ ಡಿಫಾಲ್ಟ್ ಆಗಿ 30 ದಿನದ್ದು ಇಟ್ಟುಕೊಳ್ಳುತ್ತದೆ, ಅಷ್ಟು ಯಾರಿಗೂ ಬೇಕಾಗುವುದಿಲ್ಲ. ಉಳಿದದ್ದಕ್ಕೆ ಬೇರೆ ಥ್ರೆಡ್ ತೆರೆಯಿರಿ, ಇಲ್ಲಿ ಎರಡೂ ಕಲಸಿದರೆ ಓದುವವರಿಗೆ ತಲೆ ಕೆಡುತ್ತದೆ.

ಸರ್ವರ್_ಸಂಗಾತಿ

1 ಜಿಬಿ ಕೊಟ್ಟ ಮೇಲೆ ವ್ಯಾಕ್ಯೂಮ್ ಮುಗಿಯಿತು. ಡೆಡ್ ಸಾಲು ಹೆಚ್ಚುಕಡಿಮೆ ಸೊನ್ನೆ. ಟೇಬಲ್ ಬೆಳೆಯುವುದು ನಿಂತಿದೆ. ಆದರೆ ಡಿಸ್ಕ್ 84% ಅಲ್ಲೇ ಇದೆ. ಪಿಜಿಸ್ಟ್ಯಾಟ್‌ಟ್ಯುಪಲ್‌ನ ಅಪ್ರಾಕ್ಸ್ ಫಂಕ್ಷನ್ ಹಾಕಿ ನೋಡಿದೆ, ಟೇಬಲ್‌ನಲ್ಲಿ ಸುಮಾರು 60% ಖಾಲಿ ಜಾಗ ಅಂತ ತೋರಿಸುತ್ತಿದೆ. ಈ ಖಾಲಿಯನ್ನು ಹೊರಗೆ ತೆಗೆಯುವುದು ಹೇಗೆ? ಪಿಜಿ_ರಿಪ್ಯಾಕ್ ಅಂತ ಎಲ್ಲರೂ ಹೇಳುತ್ತಾರೆ.

ಹಳೇ_ಡಿಬಿಎ

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ತೆಗೆಯಲೇಬೇಕಾ? ಮುಂದೆಯೂ ಒಂದು ವರ್ಷದ ಡೇಟಾ ಇಟ್ಟುಕೊಳ್ಳುವುದು, ದಿನಾ ಹೊಸದು ಬರುವುದು, ಹಳೆಯದು ಹೋಗುವುದು ಅಂತಿದ್ದರೆ ಆ ತೂತುಗಳು ತಾವಾಗಿಯೇ ಬಳಕೆಗೆ ಬರುತ್ತವೆ. ಬಾಡಿಗೆ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ ಅಂತ ಗೋಡೆ ಒಡೆಯುವುದಿಲ್ಲ, ಬರುವ ತಿಂಗಳು ಅದಕ್ಕೆ ಯಾರೋ ಬರುತ್ತಾರೆ. ಖಾಲಿ ಇರುವ 60% ಎಷ್ಟು ತಿಂಗಳಿಗೆ ಸಾಕು ಅಂತ ನಿಮ್ಮ ಇನ್ಸರ್ಟ್ ವೇಗದಿಂದ ಲೆಕ್ಕ ಹಾಕಿ. ನಾಲ್ಕೈದು ತಿಂಗಳಲ್ಲಿ ತುಂಬುವಂತಿದ್ದರೆ ಟೇಬಲ್ ಮುಟ್ಟಬೇಡಿ.

ಆದರೆ ಇಂಡೆಕ್ಸ್ ಬೇರೆ ವಿಷಯ, ಅದನ್ನು ಖಂಡಿತ ಮುಟ್ಟಿ. ಬಿ-ಟ್ರೀಯಲ್ಲಿ (ಮಾಮೂಲಿ ಇಂಡೆಕ್ಸ್‌ನ ರಚನೆ) ಒಂದು ಪೇಜ್ ಪೂರ್ತಿ ಖಾಲಿಯಾದರೆ ಮಾತ್ರ ಅದು ಮರುಬಳಕೆಗೆ ಬರುತ್ತದೆ. ಪಕ್ಕದ ಎರಡು ಅರೆಖಾಲಿ ಪೇಜ್‌ಗಳನ್ನು ಪೋಸ್ಟ್‌ಗ್ರೆಸ್ ಒಂದು ಮಾಡುವುದಿಲ್ಲ. ಟೈಮ್‌ಸ್ಟ್ಯಾಂಪ್ ಮೇಲಿನ ಇಂಡೆಕ್ಸ್ ಆದರೆ ಹಳೆಯ ತುದಿ ಪೂರ್ತಿ ಖಾಲಿಯಾಗುತ್ತದೆ, ಚಿಂತೆ ಇಲ್ಲ. ರ‍್ಯಾಂಡಮ್ ಯುಯುಐಡಿ (ಕ್ರಮವಿಲ್ಲದ ಉದ್ದದ ಗುರುತು ಸಂಖ್ಯೆ) ಮೇಲೆ ಇಂಡೆಕ್ಸ್ ಇದ್ದರೆ ಪ್ರತಿ ಪೇಜ್‌ನಲ್ಲೂ ಅಲ್ಲೊಂದು ಇಲ್ಲೊಂದು ಉಳಿದು ಎಲ್ಲಾ ಪೇಜ್‌ಗಳೂ ಜೊಳ್ಳಾಗಿರುತ್ತವೆ. ರೀಇಂಡೆಕ್ಸ್ ಕನ್‌ಕರೆಂಟ್ಲಿ ಬಳಸಿ, 2019ರಲ್ಲಿ 12ನೇ ಆವೃತ್ತಿಯಿಂದ ಇದೆ. ಬರಹ ನಿಲ್ಲುವುದಿಲ್ಲ. ಹೊಸ ಇಂಡೆಕ್ಸ್ ಕಟ್ಟಿ ಮುಗಿಯುವ ತನಕ ಹಳೆಯದೂ ಇರುತ್ತದೆ, ಆದ್ದರಿಂದ ಚಿಕ್ಕದರಿಂದ ಶುರು ಮಾಡಿ, ಒಂದೊಂದರಿಂದ ಸಿಕ್ಕ ಜಾಗ ಮುಂದಿನದಕ್ಕೆ ಆಗುತ್ತದೆ. ಅದಕ್ಕೂ ಮೊದಲು ಪಿಜಿ_ಸ್ಟ್ಯಾಟ್_ಯೂಸರ್_ಇಂಡೆಕ್ಸಸ್‌ನಲ್ಲಿ ಯಾರೂ ಬಳಸದ ಇಂಡೆಕ್ಸ್ ಇದೆಯಾ ನೋಡಿ. ಸ್ಕ್ಯಾನ್ ಸೊನ್ನೆ ಅಂತ ಪ್ರೈಮರಿಯಲ್ಲಿ ಕಂಡ ಕೂಡಲೇ ಕಿತ್ತು ಹಾಕಬೇಡಿ, ರಿಪೋರ್ಟ್ ರೆಪ್ಲಿಕಾದಲ್ಲಿ ಅದೇ ಇಂಡೆಕ್ಸ್ ಜೀವಾಳ ಆಗಿರಬಹುದು. ಎರಡೂ ಕಡೆ ನೋಡಿ.

ಪೇಜ್_8192

ಹಳೇ_ಡಿಬಿಎ ಸರ್ ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರು ಇದೆ. 60% ಖಾಲಿ ಟೇಬಲ್ ಹಾಗೇ ಬಿಟ್ಟರೆ ಡಿಸ್ಕ್ ಮಾತ್ರ ಅಲ್ಲ, ಕ್ಯಾಷ್ ಕೂಡ ಹಾಳು. 8 ಕೆಬಿ ಪೇಜ್‌ನಲ್ಲಿ 3 ಕೆಬಿ ಮಾತ್ರ ಕೆಲಸದ ಡೇಟಾ ಇದ್ದರೆ ಶೇರ್ಡ್ ಬಫರ್‌ನ ಅರ್ಧಕ್ಕಿಂತ ಜಾಸ್ತಿ ಗಾಳಿ ತುಂಬಿಕೊಂಡ ಹಾಗೆ. ಸೀಕ್ವೆನ್ಶಿಯಲ್ ಸ್ಕ್ಯಾನ್ ಇದ್ದರೆ ಖಾಲಿ ಪೇಜ್ ಎಲ್ಲಾ ಓದುತ್ತದೆ. ಹಾಗಾಗಿ ಇಂಡೆಕ್ಸ್ ಮುಗಿದ ಮೇಲೆ ಟೇಬಲ್ ಕೂಡ ನೋಡಬೇಕು ಅನ್ನುವುದು ನನ್ನ ಮಾತು.

ಪಿಜಿ_ರಿಪ್ಯಾಕ್ ಒಳ್ಳೆಯದೇ. ಅದಕ್ಕೆ ಪ್ರೈಮರಿ ಕೀ ಬೇಕು, ಅಥವಾ ನಲ್ ಇಲ್ಲದ ಕಾಲಮ್ ಮೇಲೆ ಯೂನಿಕ್ ಇಂಡೆಕ್ಸ್. ಹೊಸ ಟೇಬಲ್‌ಗೆ ಡೇಟಾ ಕಾಪಿ ಮಾಡುತ್ತಾ, ಅಷ್ಟರಲ್ಲಿ ಬಂದ ಬದಲಾವಣೆಗಳನ್ನು ಟ್ರಿಗರ್ ಮೂಲಕ ಒಂದು ಲಾಗ್ ಟೇಬಲ್‌ನಲ್ಲಿ ಬರೆದಿಟ್ಟು, ಕೊನೆಗೆ ಅದನ್ನು ಹೊಸದಕ್ಕೆ ಸೇರಿಸಿ ಅದಲು ಬದಲು ಮಾಡುತ್ತದೆ. ಶುರುವಿನಲ್ಲಿ ಮತ್ತು ಕೊನೆಯಲ್ಲಿ ಒಂದು ಕ್ಷಣ ಆಕ್ಸೆಸ್ ಎಕ್ಸ್‌ಕ್ಲೂಸಿವ್ ಲಾಕ್ ಬೇಕು. ಜನ ಸುಟ್ಟುಕೊಳ್ಳುವುದು ಇಲ್ಲೇ. ಲಾಕ್ ಸಿಗದಿದ್ದರೆ ಅದು ಡಿಫಾಲ್ಟ್ ಆಗಿ 60 ಸೆಕೆಂಡ್ ಕಾದು, ಅಡ್ಡ ಬಂದ ಕ್ವೆರಿಗಳನ್ನು ಕ್ಯಾನ್ಸಲ್ ಮಾಡುತ್ತದೆ, ಅದರ ಎರಡರಷ್ಟು ಹೊತ್ತು ಕಳೆದರೆ ಕನೆಕ್ಷನ್ನನ್ನೇ ಕೊಲ್ಲುತ್ತದೆ. ಬೇಡ ಅಂದರೆ ನೋ-ಕಿಲ್-ಬ್ಯಾಕೆಂಡ್ ಆಪ್ಷನ್ ಕೊಡಿ, ಆಗ ಲಾಕ್ ಸಿಗದಿದ್ದರೆ ಆ ಟೇಬಲ್ ಬಿಟ್ಟು ಸುಮ್ಮನಾಗುತ್ತದೆ. ಇನ್ನೊಂದು, ಅದು ಕಾಪಿ ಮಾಡುವಷ್ಟು ಹೊತ್ತೂ ಅದರದ್ದೇ ಒಂದು ಉದ್ದದ ಟ್ರಾನ್ಸಾಕ್ಷನ್ ತೆರೆದಿರುತ್ತದೆ. ಅಂದರೆ ನೀವು ಈಗ ತಾನೇ ರೆಪ್ಲಿಕಾದಲ್ಲಿ ಕೊಂದ ಅದೇ ರೋಗ, ಆ ಹೊತ್ತಿಗೆ ಉಳಿದ ಎಲ್ಲಾ ಟೇಬಲ್‌ಗಳಿಗೂ. ವಾಲ್ ಕೂಡ ಭರ್ಜರಿಯಾಗಿ ಬರುತ್ತದೆ, ರೆಪ್ಲಿಕಾ ಹಿಂದೆ ಬೀಳುತ್ತದೆ.

ಜಾಗದ ಲೆಕ್ಕ: ಟೇಬಲ್ ಮತ್ತು ಇಂಡೆಕ್ಸ್ ಸೇರಿಸಿದ್ದರ ಎರಡರಷ್ಟು ಖಾಲಿ ಇರಲಿ ಅಂತ ಅದರ ಕೈಪಿಡಿ ಹೇಳುತ್ತದೆ. ನಿಮ್ಮಂಥ ಟೊಳ್ಳು ಟೇಬಲ್‌ಗೆ ಅಷ್ಟು ಬೇಕಾಗುವುದಿಲ್ಲ, ಹೊಸ ಪ್ರತಿ ಬರುವುದು ಜೀವಂತ ಸಾಲಿನಷ್ಟೇ. ಆದರೂ ಟೇಬಲ್ 140 ಜಿಬಿ ಹತ್ತಿರ, ಟೋಸ್ಟ್, ಹೊಸ ಇಂಡೆಕ್ಸ್‌ಗಳು, ಲಾಗ್ ಟೇಬಲ್, ವಾಲ್ ಎಲ್ಲಾ ಸೇರಿದರೆ ಈಗ ಇರುವ 160 ಜಿಬಿಯಲ್ಲಿ ಹಿಡಿಸುವುದಿಲ್ಲ. ರೀಇಂಡೆಕ್ಸ್ ಮಾಡಿದ ಮೇಲೆ ನೋಡಿ. ಆಗಲೂ ಸಾಲದಿದ್ದರೆ ತಾತ್ಕಾಲಿಕವಾಗಿ ಇನ್ನೊಂದು ಡಿಸ್ಕ್ ಸೇರಿಸಿ ಅದರಲ್ಲಿ ಟೇಬಲ್‌ಸ್ಪೇಸ್ ಮಾಡಿ ರಿಪ್ಯಾಕ್‌ಗೆ ಅದನ್ನು ತೋರಿಸಬಹುದು. ಡಿಸ್ಕ್ ಸೇರಿಸುವುದೇ ಆಗದು ಅಂದರೆ ಪಿಜಿಕಾಂಪ್ಯಾಕ್ಟ್‌ಟೇಬಲ್ ಅಂತ ಇನ್ನೊಂದಿದೆ. ಅದು ಬಾಲದ ಪೇಜ್‌ನಲ್ಲಿರುವ ಸಾಲುಗಳಿಗೆ ಸುಳ್ಳು ಅಪ್‌ಡೇಟ್ ಹಾಕಿ ಅವನ್ನು ಮುಂದಿನ ತೂತುಗಳಿಗೆ ಸರಿಸುತ್ತದೆ, ಆಮೇಲೆ ವ್ಯಾಕ್ಯೂಮ್ ಬಾಲ ಕತ್ತರಿಸುತ್ತದೆ. ನಿಧಾನ, ಆದರೆ ಹೆಚ್ಚುವರಿ ಜಾಗ ಬೇಕಿಲ್ಲ. ಬಾಲ ಕತ್ತರಿಸುವಾಗ ಒಂದು ಚಿಕ್ಕ ಎಕ್ಸ್‌ಕ್ಲೂಸಿವ್ ಲಾಕ್ ಇರುತ್ತದೆ. ಪ್ರೈಮರಿಯಲ್ಲಿ ಯಾರಾದರೂ ಕಾಯುತ್ತಿದ್ದರೆ ವ್ಯಾಕ್ಯೂಮ್ ತಾನೇ ಬಿಟ್ಟುಕೊಡುತ್ತದೆ, ರೆಪ್ಲಿಕಾದಲ್ಲಿ ಆ ಮರ್ಯಾದೆ ಇಲ್ಲ. ಅಲ್ಲಿ ಓಡುತ್ತಿರುವ ಕ್ವೆರಿ ಕ್ಯಾನ್ಸಲ್ ಆಗಬಹುದು, ಫೀಡ್‌ಬ್ಯಾಕ್ ಆನ್ ಇದ್ದರೂ.

ಹಳೇ_ಡಿಬಿಎ

ಕ್ಯಾಷ್ ಮಾತು ಒಪ್ಪಿದೆ. ಆದರೆ ಅಷ್ಟು ಶ್ರಮ ಪಟ್ಟು ಟೇಬಲ್ ಮತ್ತೆ ಬರೆಯುವುದಾದರೆ ಅದೇ ಶ್ರಮದಲ್ಲಿ ಪಾರ್ಟಿಶನ್ ಮಾಡಿ ಬಿಡಿ, ಅಂದರೆ ಟೇಬಲ್ಲನ್ನು ದಿನಾಂಕದ ಮೇಲೆ ತುಂಡುಗಳಾಗಿ ಹಂಚಿ ಅನ್ನುತ್ತೇನೆ. ಸಮಯಕ್ಕೆ ತಕ್ಕಂತೆ ಡೇಟಾ ಎಸೆಯುವ ಟೇಬಲ್‌ಗೆ ಡಿಲೀಟ್ ಸರಿಯಾದ ಆಯುಧವೇ ಅಲ್ಲ. ತಿಂಗಳಿಗೊಂದು ಪಾರ್ಟಿಶನ್ ಇದ್ದರೆ ಹಳೆಯದನ್ನು ಡಿಟ್ಯಾಚ್ ಮಾಡಿ ಡ್ರಾಪ್ ಮಾಡಿದರೆ ಆಯಿತು. ಫೈಲ್ ಹೋಗುತ್ತದೆ, ಡಿಸ್ಕ್ ಆಗಲೇ ಇಳಿಯುತ್ತದೆ, ಡೆಡ್ ಸಾಲು ಒಂದೂ ಹುಟ್ಟುವುದಿಲ್ಲ.

ಇಡೀ ಡೇಟಾ ಸಾಗಿಸಬೇಕಾಗಿಯೂ ಇಲ್ಲ. ಈಗಿನ ಟೇಬಲ್‌ಗೆ ಇಂಥ ದಿನಾಂಕದ ಒಳಗಿನದ್ದು ಮಾತ್ರ ಅಂತ ಒಂದು ಚೆಕ್ ಕನ್‌ಸ್ಟ್ರೇಂಟ್ ಹಾಕಿ, ನಾಟ್ ವ್ಯಾಲಿಡ್ ಅಂತ ಸೇರಿಸಿ ಆಮೇಲೆ ವ್ಯಾಲಿಡೇಟ್ ಮಾಡಿದರೆ ಉದ್ದದ ಲಾಕ್ ಇಲ್ಲ. ಕಡೆಯ ದಿನಾಂಕ ಮಾತ್ರ ಸ್ವಲ್ಪ ಮುಂದಿನದು ಇರಲಿ, ಆ ದಿನ ಬರುವ ಮೊದಲೇ ಉಳಿದದ್ದೆಲ್ಲಾ ಮುಗಿಸಬೇಕು, ಇಲ್ಲದಿದ್ದರೆ ಇನ್ಸರ್ಟ್‌ಗಳು ಎರರ್ ಹೊಡೆಯುತ್ತವೆ. ಆಮೇಲೆ ಹೊಸ ಪಾರ್ಟಿಶನ್ಡ್ ಟೇಬಲ್ ಮಾಡಿ, ಹಳೆಯದನ್ನು ಇಡಿಯಾಗಿ ಅದರ ಮೊದಲ ಪಾರ್ಟಿಶನ್ ಆಗಿ ಅಟ್ಯಾಚ್ ಮಾಡಿ. ಚೆಕ್ ಇರುವುದರಿಂದ ಮತ್ತೆ ಟೇಬಲ್ ಪೂರ್ತಿ ಓದುವುದಿಲ್ಲ. ಹೊಸ ಡೇಟಾ ಹೊಸ ಪಾರ್ಟಿಶನ್‌ಗಳಿಗೆ ಹೋಗುತ್ತದೆ. ಒಂದು ವರ್ಷ ಕಳೆದ ಮೇಲೆ ಆ ದೊಡ್ಡ ಹಳೆಯ ತುಂಡನ್ನು ಇಡಿಯಾಗಿ ಎಸೆಯಬಹುದು. ಅಷ್ಟರವರೆಗೆ ಡಿಸ್ಕ್ ತಡೆಯುತ್ತದೆಯಾ ಅನ್ನುವುದು ನಿಮ್ಮ ಲೆಕ್ಕ. ತಡೆಯದಿದ್ದರೆ ಆ ತುಂಡಿಗೆ ಬರಹ ಕಡಿಮೆಯಾದ ಮೇಲೆ ರಿಪ್ಯಾಕ್ ಮಾಡಿ, ಆಗ ಲಾಕ್ ಜಗಳವೂ ಕಡಿಮೆ.

ತೊಡಕು ಇಲ್ಲವೆಂದಲ್ಲ. ಪ್ರೈಮರಿ ಕೀಯಲ್ಲಿ ಪಾರ್ಟಿಶನ್ ಕಾಲಮ್ ಇರಲೇಬೇಕು, ಬರೀ ಐಡಿ ಸಾಲದು. ಅಂದರೆ ಆ ಯೂನಿಕ್ ಇಂಡೆಕ್ಸ್ ಹಳೆಯ ಟೇಬಲ್ ಮೇಲೆ ಮೊದಲೇ ಕನ್‌ಕರೆಂಟ್ಲಿ ಕಟ್ಟಿಟ್ಟುಕೊಳ್ಳಿ, ಇಲ್ಲದಿದ್ದರೆ ಅಟ್ಯಾಚ್ ಮಾಡುವಾಗ ಲಾಕ್ ಹಿಡಿದುಕೊಂಡೇ ಕಟ್ಟಲು ಕೂರುತ್ತದೆ. ಬೇರೆ ಟೇಬಲ್‌ಗಳಿಂದ ಇದಕ್ಕೆ ಫಾರಿನ್ ಕೀ ಇದ್ದರೆ ಅದನ್ನು ಮೊದಲು ಬಿಡಿಸಬೇಕು. ಡಿಟ್ಯಾಚ್ ಕನ್‌ಕರೆಂಟ್ಲಿ 14ರಿಂದ ಇದೆ, ನಿಮಗೆ ಸಿಗುತ್ತದೆ, ಆದರೆ ಡಿಫಾಲ್ಟ್ ಪಾರ್ಟಿಶನ್ ಇಟ್ಟುಕೊಂಡರೆ ಅದು ನಡೆಯುವುದಿಲ್ಲ, ಟ್ರಾನ್ಸಾಕ್ಷನ್ ಬ್ಲಾಕ್ ಒಳಗೂ ಹಾಕುವ ಹಾಗಿಲ್ಲ. ಡಿಫಾಲ್ಟ್ ಇಲ್ಲ ಅಂದರೆ ಮುಂದಿನ ತಿಂಗಳ ಪಾರ್ಟಿಶನ್ ಮೊದಲೇ ಹುಟ್ಟಿಸುವ ಕ್ರಾನ್ ಜಾಬ್ ಗಟ್ಟಿ ಇರಬೇಕು. ಇಂಥ ಪ್ರತಿ ಡಿಡಿಎಲ್ (ಟೇಬಲ್ ರಚನೆ ಬದಲಿಸುವ ಕಮಾಂಡ್) ಮುಂಚೆ ಲಾಕ್_ಟೈಮ್‌ಔಟ್ ಎರಡು ಮೂರು ಸೆಕೆಂಡ್‌ಗೆ ಇಡಿ, ಸಿಗದಿದ್ದರೆ ಬಿಟ್ಟು ಮತ್ತೆ ಪ್ರಯತ್ನಿಸಿ.

ಆಟೋವ್ಯಾಕ್ಯೂಮ್ ಡಿಫಾಲ್ಟ್ ಕೂಡ ಹಾಗೇ ಬಿಡಬೇಡಿ. ಈ ಟೇಬಲ್‌ಗೆ ಮಾತ್ರ ಸ್ಕೇಲ್ ಫ್ಯಾಕ್ಟರ್ 0.01 ಮಾಡಿ, ಕಾಸ್ಟ್ ಲಿಮಿಟ್ 200 ಇರುವುದನ್ನು ಏರಿಸಿ. ಟೋಸ್ಟ್‌ಗೆ ಬೇರೆ ಸೆಟ್ಟಿಂಗ್ ಕೊಡಬೇಕಾದರೆ ಟೋಸ್ಟ್ ಡಾಟ್ ಅಂತ ಮುಂದೆ ಸೇರಿಸಿ ಕೊಡಬಹುದು, ನಿಮ್ಮ 70 ಜಿಬಿ ಟೋಸ್ಟ್ ನೋಡಿದರೆ ಬೇಕಾಗುತ್ತದೆ.

ಕಮಿಟ್_ಕಾಕಾ

ಸರಿ ಸರಿ, ನನ್ನ ರಾತ್ರಿ ಎರಡು ಗಂಟೆ ವಾಪಸ್ ತೆಗೆದುಕೊಂಡೆ. ಒಂದು ಉಪಕಾರದ ಮಾತು ಹೇಳುತ್ತೇನೆ, ಇಂಥ ಡಿಸ್ಕ್‌ಗಳಲ್ಲಿ 5 ಜಿಬಿಯ ಒಂದು ದಂಡದ ಫೈಲ್ ಸುಮ್ನೆ ಇಟ್ಟುಕೊಂಡಿರಿ. ಎಲ್ಲಾ ತುಂಬಿ ಪೋಸ್ಟ್‌ಗ್ರೆಸ್ ಮೇಲೇಳದ ದಿನ ಅದನ್ನು ಅಳಿಸಿ ಉಸಿರಾಡಬಹುದು.

ಸರ್ವರ್_ಸಂಗಾತಿ

ಕಾಕಾ, ಅದನ್ನು ಈಗಲೇ ಮಾಡಿದೆ.

ರೀಇಂಡೆಕ್ಸ್ ನಡೆಯುತ್ತಿದೆ. ಮೂರು ಇಂಡೆಕ್ಸ್ ಮುಗಿದವು, ಯುಯುಐಡಿ ಮೇಲಿನದು 62 ಜಿಬಿಯಿಂದ 21ಕ್ಕೆ ಬಂತು. ನಾಲ್ಕನೆಯದು ಅರ್ಧದಲ್ಲಿ ಸ್ಟೇಟ್‌ಮೆಂಟ್ ಟೈಮ್‌ಔಟ್ ಆಗಿ ನಿಂತಿತು. ಈಗ ಹೆಸರಿನ ಕೊನೆಗೆ ಸಿಸಿನ್ಯೂ ಅಂತ ಇರುವ ಒಂದು ಇಂಡೆಕ್ಸ್ ಉಳಿದುಕೊಂಡಿದೆ, 18 ಜಿಬಿ, ಇನ್‌ವ್ಯಾಲಿಡ್ ಅಂತ ತೋರಿಸುತ್ತಿದೆ. ಮತ್ತೆ ರೀಇಂಡೆಕ್ಸ್ ಹಾಕಿದರೆ ಅದೇ ಮುಂದುವರಿಯುತ್ತದಾ?

ಪೇಜ್_8192

ಇಲ್ಲ, ಮೊದಲಿನಿಂದ ಶುರುವಾಗುತ್ತದೆ, ಹಳೆಯ ಸಿಸಿನ್ಯೂ ಹಾಗೇ ಕೂತು ಜಾಗ ತಿನ್ನುತ್ತಿರುತ್ತದೆ. ಅಷ್ಟೇ ಅಲ್ಲ, ಇನ್‌ವ್ಯಾಲಿಡ್ ಆದರೂ ಬರಹ ಬಂದಾಗ ಅದನ್ನೂ ಅಪ್‌ಡೇಟ್ ಮಾಡುತ್ತಾ ಇರಬಹುದು, ಸುಮ್ನೆ ದಂಡ. ಡ್ರಾಪ್ ಇಂಡೆಕ್ಸ್ ಕನ್‌ಕರೆಂಟ್ಲಿ ಹಾಕಿ ಅದನ್ನು ತೆಗೆಯಿರಿ, ನಿಮ್ಮ ಸೆಷನ್‌ನಲ್ಲಿ ಸ್ಟೇಟ್‌ಮೆಂಟ್_ಟೈಮ್‌ಔಟ್ ಸೊನ್ನೆ ಮಾಡಿ, ಆಮೇಲೆ ಮತ್ತೆ ಹಾಕಿ. ಹೆಸರಿನ ಕೊನೆಗೆ ಸಿಸಿಓಲ್ಡ್ ಅಂತ ಯಾವತ್ತಾದರೂ ಕಂಡರೆ ಅದು ಬೇರೆ, ಅಲ್ಲಿ ಹೊಸ ಇಂಡೆಕ್ಸ್ ಆಗಲೇ ತಯಾರಾಗಿ ಹಳೆಯದನ್ನು ಅಳಿಸಲು ಆಗಿಲ್ಲ ಅಂತ ಅರ್ಥ. ಆಗ ಹಳೆಯದನ್ನು ಡ್ರಾಪ್ ಮಾಡಿದರೆ ಸಾಕು, ಮತ್ತೆ ಕಟ್ಟಬೇಕಿಲ್ಲ.